ಇಗ್ನಾಜ್ ಸೆಮೆಲ್‌ವೈಸ್

ಇಗ್ನಾಜ್ ಫಿಲಿಪ್ ಸೆಮೆಲ್‌ವೈಸ್ (ಜುಲೈ 1, 1818 – ಆಗಸ್ಟ್ 13, 1865) ಹಂಗೇರಿಯ ಪ್ರಸೂತಿ ವೈದ್ಯರು. ಹೆರಿಗೆಯ ನಂತರ ತಾಯಂದಿರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಬಾಣಂತಿ ಜ್ವರವು ವೈದ್ಯರ ಕೈಗಳ ಮೂಲಕವೇ ಹರಡುತ್ತದೆಂದು ಅವರು 1847ರಲ್ಲಿ ವಿಯೆನ್ನಾ ನಗರದಲ್ಲಿ ಕಂಡುಕೊಂಡರು. ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವ ನಿಯಮವನ್ನು ಜಾರಿಗೆ ತಂದು ಸಾವಿನ ಪ್ರಮಾಣವನ್ನು ಕೆಲವೇ ವಾರಗಳಲ್ಲಿ ತಗ್ಗಿಸಿದರು. ರೋಗಾಣುಗಳ ತಿಳಿವಳಿಕೆ ಇನ್ನೂ ಮೂಡದಿದ್ದ ಆ ಕಾಲದಲ್ಲಿ ಆಸ್ಪತ್ರೆಯ ಹೆರಿಗೆ ಮತ್ತು ಮರಣದ ದಾಖಲೆಗಳೇ ಅವರ ಮುಖ್ಯ ಸಾಧನವಾಗಿದ್ದವು. ತಾಯಿ ಮತ್ತು ಶಿಶುಗಳ ಆರೋಗ್ಯದ ಸಂಶೋಧನೆಯಲ್ಲಿ ಅಂಕಿ-ಅಂಶಗಳ ಹೋಲಿಕೆಯಿಂದ ರೋಗದ ಕಾರಣವನ್ನು ಪತ್ತೆಹಚ್ಚಿದ ಆರಂಭದ ಉದಾಹರಣೆಗಳಲ್ಲಿ ಅವರ ಕಾರ್ಯವೂ ಒಂದು. ಜೀವಿತಾವಧಿಯಲ್ಲಿ ಅವರಿಗೆ ಮನ್ನಣೆ ದೊರೆಯಲಿಲ್ಲ.

ಜನನ ಮತ್ತು ಶಿಕ್ಷಣ

ಸೆಮೆಲ್‌ವೈಸ್ ಅವರು ಇಂದಿನ ಬುಡಾಪೆಸ್ಟ್ ನಗರದ ಭಾಗವಾಗಿರುವ ಬುಡಾ ಪಟ್ಟಣದ ಟಾಬಾನ್ ಎಂಬ ಬಡಾವಣೆಯಲ್ಲಿ ಜನಿಸಿದರು. ತಂದೆ ಯೋಜೆಫ್ ದಿನಸಿ ವ್ಯಾಪಾರಿ. ತಾಯಿ ತೆರೇಸಿಯಾ ಮ್ಯುಲ್ಲರ್. ಹತ್ತು ಮಕ್ಕಳಲ್ಲಿ ಇಗ್ನಾಜ್ ಐದನೆಯವರು. ಮನೆಮಾತು ಜರ್ಮನ್.

1837ರಲ್ಲಿ ಅವರು ಕಾನೂನು ಓದಲೆಂದು ವಿಯೆನ್ನಾ ವಿಶ್ವವಿದ್ಯಾಲಯವನ್ನು ಸೇರಿದರು. ಮರುವರ್ಷವೇ ಕಾನೂನನ್ನು ಬಿಟ್ಟು ವೈದ್ಯಶಾಸ್ತ್ರಕ್ಕೆ ಬದಲಾಯಿಸಿಕೊಂಡರು. ನಡುವೆ ಕೆಲಕಾಲ ಪೆಸ್ಟ್ ನಗರದಲ್ಲಿ ಓದಿ, ಮತ್ತೆ ವಿಯೆನ್ನಾಕ್ಕೆ ಮರಳಿ 1844ರಲ್ಲಿ ವೈದ್ಯ ಪದವಿ ಪಡೆದರು. ರೋಗಲಕ್ಷಣಗಳನ್ನು ಶವಪರೀಕ್ಷೆಯಲ್ಲಿ ಕಂಡ ಬದಲಾವಣೆಗಳೊಂದಿಗೆ ಹೊಂದಿಸಿ ನೋಡುವ ಹೊಸ ಪದ್ಧತಿಗೆ ಆಗ ವಿಯೆನ್ನಾ ಹೆಸರಾಗಿತ್ತು. ಆ ಪದ್ಧತಿಯ ಪ್ರಮುಖರಾದ ಕಾರ್ಲ್ ರೋಕಿಟಾನ್ಸ್ಕಿ, ಯೋಸೆಫ್ ಸ್ಕೋಡಾ ಮತ್ತು ಫರ್ಡಿನಾಂಡ್ ಹೆಬ್ರಾ ಸೆಮೆಲ್‌ವೈಸ್ ಅವರಿಗೆ ಮೊದಲು ಗುರುಗಳಾಗಿದ್ದು, ಮುಂದೆ ಬೆಂಬಲಿಗರಾದರು.

ವಿಯೆನ್ನಾ ಆಸ್ಪತ್ರೆಯ ಎರಡು ವಿಭಾಗಗಳು

1846ರ ಜುಲೈನಲ್ಲಿ ಸೆಮೆಲ್‌ವೈಸ್ ಅವರು ವಿಯೆನ್ನಾ ಸಾರ್ವಜನಿಕ ಆಸ್ಪತ್ರೆಯ ಮೊದಲನೆಯ ಹೆರಿಗೆ ವಿಭಾಗದಲ್ಲಿ ಪ್ರೊಫೆಸರ್ ಯೋಹಾನ್ ಕ್ಲೈನ್ ಅವರ ಸಹಾಯಕರಾಗಿ ನೇಮಕಗೊಂಡರು. 1784ರಲ್ಲಿ ಆರಂಭವಾದ ಈ ಆಸ್ಪತ್ರೆಯಲ್ಲಿ ಬಡ ಹೆಂಗಸರಿಗೂ ಅವಿವಾಹಿತ ಗರ್ಭಿಣಿಯರಿಗೂ ಉಚಿತವಾಗಿ ಹೆರಿಗೆ ಮಾಡಿಸಲಾಗುತ್ತಿತ್ತು. ಅದಕ್ಕೆ ಪ್ರತಿಯಾಗಿ ಅವರು ವಿದ್ಯಾರ್ಥಿಗಳ ಕಲಿಕೆಗೆ ಒಳಪಡಬೇಕಾಗಿತ್ತು.

ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಸುಮಾರು 1840ರಿಂದ ಮೊದಲನೆಯ ವಿಭಾಗವನ್ನು ವೈದ್ಯ ವಿದ್ಯಾರ್ಥಿಗಳ ತರಬೇತಿಗೂ ಎರಡನೆಯದನ್ನು ಸೂಲಗಿತ್ತಿಯರ ತರಬೇತಿಗೂ ಮೀಸಲಿಡಲಾಗಿತ್ತು. ಗರ್ಭಿಣಿಯರನ್ನು ಒಂದು ದಿನ ಒಂದು ವಿಭಾಗಕ್ಕೆ, ಮರುದಿನ ಇನ್ನೊಂದು ವಿಭಾಗಕ್ಕೆ ಸೇರಿಸಿಕೊಳ್ಳುವುದು ರೂಢಿ. ಯಾರು ಎಲ್ಲಿಗೆ ಸೇರಬೇಕೆಂಬುದನ್ನು ಬಹುಮಟ್ಟಿಗೆ ಹೆರಿಗೆ ನೋವು ಕಾಣಿಸಿಕೊಂಡ ದಿನವೇ ನಿರ್ಧರಿಸುತ್ತಿತ್ತು. ಹೀಗಾಗಿ ಎರಡೂ ವಿಭಾಗಗಳಿಗೆ ಬರುತ್ತಿದ್ದ ಹೆಂಗಸರ ವಯಸ್ಸು, ಬಡತನ, ದೇಹಸ್ಥಿತಿಗಳಲ್ಲಿ ದೊಡ್ಡ ಅಂತರವಿರಲಿಲ್ಲ. ಆದರೂ ಎರಡು ವಿಭಾಗಗಳ ಮರಣ ಪ್ರಮಾಣ ಒಂದೇ ಆಗಿರಲಿಲ್ಲ. ಆಸ್ಪತ್ರೆಯ ದಾಖಲೆಗಳ ಪ್ರಕಾರ ಆರು ವರ್ಷಗಳ ವಿವರ ಹೀಗಿದೆ:

1841: ಮೊದಲನೆಯ ವಿಭಾಗದಲ್ಲಿ 3,036 ಹೆರಿಗೆ, 237 ಸಾವು (ಶೇ 7.8), ಎರಡನೆಯದರಲ್ಲಿ 2,442 ಹೆರಿಗೆ, 86 ಸಾವು (ಶೇ 3.5)
1842: ಮೊದಲನೆಯದರಲ್ಲಿ 3,287 ಹೆರಿಗೆ, 518 ಸಾವು (ಶೇ 15.8), ಎರಡನೆಯದರಲ್ಲಿ 2,659 ಹೆರಿಗೆ, 202 ಸಾವು (ಶೇ 7.6)
1843: ಮೊದಲನೆಯದರಲ್ಲಿ 3,060 ಹೆರಿಗೆ, 274 ಸಾವು (ಶೇ 9.0), ಎರಡನೆಯದರಲ್ಲಿ 2,739 ಹೆರಿಗೆ, 164 ಸಾವು (ಶೇ 6.0)
1844: ಮೊದಲನೆಯದರಲ್ಲಿ 3,157 ಹೆರಿಗೆ, 260 ಸಾವು (ಶೇ 8.2); ಎರಡನೆಯದರಲ್ಲಿ 2,956 ಹೆರಿಗೆ, 68 ಸಾವು (ಶೇ 2.3)
1845: ಮೊದಲನೆಯದರಲ್ಲಿ 3,492 ಹೆರಿಗೆ, 241 ಸಾವು (ಶೇ 6.9); ಎರಡನೆಯದರಲ್ಲಿ 3,241 ಹೆರಿಗೆ, 66 ಸಾವು (ಶೇ 2.0)
1846: ಮೊದಲನೆಯದರಲ್ಲಿ 4,010 ಹೆರಿಗೆ, 459 ಸಾವು (ಶೇ 11.4); ಎರಡನೆಯದರಲ್ಲಿ 3,754 ಹೆರಿಗೆ, 105 ಸಾವು (ಶೇ 2.8)

ಆರು ವರ್ಷಗಳನ್ನು ಕೂಡಿಸಿದರೆ ಮೊದಲನೆಯ ವಿಭಾಗದಲ್ಲಿ 20,042 ಹೆರಿಗೆಗಳಿಗೆ 1,989 ಸಾವುಗಳು, ಎರಡನೆಯದರಲ್ಲಿ 17,791 ಹೆರಿಗೆಗಳಿಗೆ 691 ಸಾವುಗಳು ಸಂಭವಿಸಿದ್ದವು. ಎರಡನೆಯ ವಿಭಾಗದ ಪ್ರಮಾಣವೇ ಮೊದಲನೆಯದರಲ್ಲಿಯೂ ಇದ್ದಿದ್ದರೆ ಅಲ್ಲಿ ಸುಮಾರು 778 ತಾಯಂದಿರು ಸಾಯುತ್ತಿದ್ದರು. ಅಂದರೆ, ಬಾಗಿಲು ಬೇರೆಯಾದುದರಿಂದಲೇ ಆರು ವರ್ಷಗಳಲ್ಲಿ 1,200ಕ್ಕೂ ಹೆಚ್ಚು ತಾಯಂದಿರು ಪ್ರಾಣ ಕಳೆದುಕೊಂಡಂತಾಯಿತು. ನಿಜವಾದ ಅಂತರ ಇನ್ನೂ ದೊಡ್ಡದಿತ್ತು. ಕಾಯಿಲೆ ಹೆಚ್ಚಾದಾಗ ಮೊದಲನೆಯ ವಿಭಾಗದ ರೋಗಿಗಳನ್ನು ಆಸ್ಪತ್ರೆಯ ಬೇರೆ ವಾರ್ಡುಗಳಿಗೆ ಸಾಗಿಸುತ್ತಿದ್ದರು. ಅಲ್ಲಿ ಸತ್ತವರು ಹೆರಿಗೆ ವಿಭಾಗದ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಈ ವ್ಯತ್ಯಾಸ ನಗರದ ಜನರಿಗೂ ತಿಳಿದಿತ್ತು. ಮೊದಲನೆಯ ವಿಭಾಗಕ್ಕೆ ಸೇರಬೇಕಾದ ದಿನ ಬಂದವರು ಅಲ್ಲಿಗೆ ಕಳುಹಿಸಬೇಡಿರೆಂದು ಕೈಮುಗಿದು ಅಂಗಲಾಚುತ್ತಿದ್ದರು. ಕೆಲವರು ಆಸ್ಪತ್ರೆಗೆ ಬರುವ ದಾರಿಯಲ್ಲೇ ಹೆತ್ತು, ಅನಂತರ ಆರೈಕೆಗಾಗಿ ದಾಖಲಾಗುತ್ತಿದ್ದರು.

ಕಾರಣದ ಹುಡುಕಾಟ

ಬಾಣಂತಿ ಜ್ವರಕ್ಕೆ ಕೆಟ್ಟ ಗಾಳಿ, ಹವೆಯ ಬದಲಾವಣೆ, ಎದೆಹಾಲಿನ ದೋಷ, ಮನಸ್ಸಿನ ಭಯ ಮುಂತಾದ ಕಾರಣಗಳನ್ನು ಅಂದಿನ ವೈದ್ಯರು ಹೇಳುತ್ತಿದ್ದರು. ಸೆಮೆಲ್‌ವೈಸ್ ಅವರು ಪ್ರತಿಯೊಂದು ಕಾರಣಕ್ಕೂ ಒಂದೇ ಪ್ರಶ್ನೆ ಕೇಳಿದರು: ಅದು ಮೊದಲನೆಯ ವಿಭಾಗದಲ್ಲಿದ್ದು ಎರಡನೆಯದರಲ್ಲಿ ಇಲ್ಲವೇ? ಎರಡೂ ವಿಭಾಗಗಳು ಒಂದೇ ಆವರಣದಲ್ಲಿದ್ದುದರಿಂದ ಹವೆ ಕಾರಣವಾಗಲಾರದು. ಜನಸಂದಣಿ ಎರಡನೆಯದರಲ್ಲಿಯೇ ಹೆಚ್ಚು, ಏಕೆಂದರೆ ಎಲ್ಲರೂ ಅಲ್ಲಿಗೇ ಹೋಗಲು ಹವಣಿಸುತ್ತಿದ್ದರು. ಎರಡನೆಯ ವಿಭಾಗದ ಕ್ರಮದಂತೆ ಹೆಂಗಸರನ್ನು ಮಗ್ಗುಲಾಗಿ ಮಲಗಿಸಿ ಹೆರಿಗೆ ಮಾಡಿಸಿ ನೋಡಿದರೂ ಫಲವಿರಲಿಲ್ಲ. ಸಾಯುವವರಿಗೆ ಅಂತಿಮ ಸಂಸ್ಕಾರ ನೀಡಲು ಪಾದ್ರಿ ಗಂಟೆ ಬಾರಿಸುತ್ತ ವಾರ್ಡಿನ ನಡುವೆ ಹಾದುಹೋಗುವುದರಿಂದ ಹೆಂಗಸರು ಹೆದರಿ ಕಾಯಿಲೆ ಬೀಳುತ್ತಾರೆಂಬ ಮಾತಿತ್ತು. ಗಂಟೆ ನಿಲ್ಲಿಸಿ ದಾರಿ ಬದಲಿಸಿದ ಮೇಲೂ ಸಾವು ನಿಲ್ಲಲಿಲ್ಲ.

ಇನ್ನೂ ಕೆಲವು ಅಂಶಗಳು ಅವರ ಗಮನಕ್ಕೆ ಬಂದವು. ದಾರಿಯಲ್ಲಿ ಹೆತ್ತವರಿಗೂ ದಿನ ತುಂಬುವ ಮೊದಲೇ ಹೆತ್ತವರಿಗೂ ಜ್ವರ ಬರುವುದು ಅಪರೂಪ. ಚೊಚ್ಚಲ ಹೆರಿಗೆಯಲ್ಲಿ ದೀರ್ಘಕಾಲ ನೋವು ತಿಂದವರು ಹೆಚ್ಚಾಗಿ ಸಾಯುತ್ತಿದ್ದರು. ಅವರ ಶಿಶುಗಳೂ ಉಳಿಯುತ್ತಿರಲಿಲ್ಲ. ಮೊದಲನೆಯ ವಿಭಾಗದಲ್ಲಿ ಕಾಯಿಲೆ ಅಕ್ಕಪಕ್ಕದ ಹಾಸಿಗೆಗಳಲ್ಲಿ ಸಾಲುಸಾಲಾಗಿ ಕಾಣಿಸಿಕೊಳ್ಳುತ್ತಿತ್ತು. ಪರೀಕ್ಷೆಗೆ ಹೆಚ್ಚು ಸಲ ಒಳಗಾದವರು ಹೆಚ್ಚು ಸಾಯುತ್ತಿದ್ದಾರೆಂಬ ಒಂದೇ ಸೂತ್ರ ಇವೆಲ್ಲವನ್ನೂ ಹೆಣೆಯುತ್ತಿತ್ತು. ಆದರೆ ಅದರ ಅರ್ಥ ಇನ್ನೂ ತಿಳಿದಿರಲಿಲ್ಲ.

1847ರ ಮಾರ್ಚ್‌ನಲ್ಲಿ ಅವರ ಮಿತ್ರರೂ ನ್ಯಾಯವೈದ್ಯಶಾಸ್ತ್ರದ ಪ್ರೊಫೆಸರರೂ ಆದ ಯಾಕೋಬ್ ಕೊಲ್ಲೆಚ್ಕಾ ಮರಣ ಹೊಂದಿದರು. ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಗುಲಿ ಗಾಯವಾಗಿತ್ತು. ಅವರ ಶವಪರೀಕ್ಷೆಯ ವರದಿಯಲ್ಲಿದ್ದ ವಿವರಗಳು ಬಾಣಂತಿ ಜ್ವರದಿಂದ ಸತ್ತ ತಾಯಂದಿರ ದೇಹಗಳಲ್ಲಿ ಕಂಡವುಗಳನ್ನೇ ಹೋಲುತ್ತಿದ್ದವು. ಕೊಲ್ಲೆಚ್ಕಾ ಅವರ ದೇಹಕ್ಕೆ ಚಾಕುವಿನ ಮೂಲಕ ಸೇರಿದ ಶವದ ಕಣಗಳೇ ತಾಯಂದಿರ ದೇಹಕ್ಕೆ ಬೆರಳುಗಳ ಮೂಲಕ ಸೇರುತ್ತಿವೆ ಎಂದು ಸೆಮೆಲ್‌ವೈಸ್ ತೀರ್ಮಾನಿಸಿದರು. ವೈದ್ಯ ವಿದ್ಯಾರ್ಥಿಗಳು ಬೆಳಿಗ್ಗೆ ಶವಪರೀಕ್ಷೆ ನಡೆಸಿ ಅಲ್ಲಿಂದ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಶವಪರೀಕ್ಷೆಯ ಪಾಠವಿರಲಿಲ್ಲ. ಎರಡು ವಿಭಾಗಗಳ ನಡುವೆ ಹುಡುಕುತ್ತಿದ್ದ ವ್ಯತ್ಯಾಸ ಇದೇ ಆಗಿತ್ತು.

ಕೈ ತೊಳೆಯುವ ನಿಯಮ ಮತ್ತು ಫಲಿತಾಂಶ

ಸಾಬೂನಿನಿಂದ ತೊಳೆದರೂ ಕೈಗಳಿಂದ ಶವದ ವಾಸನೆ ಹೋಗುತ್ತಿರಲಿಲ್ಲ. ಆದ್ದರಿಂದ ವಾಸನೆಯನ್ನು ನಾಶಮಾಡಬಲ್ಲ ಕ್ಲೋರಿನ್ ದ್ರಾವಣವನ್ನು ಅವರು ಆಯ್ದುಕೊಂಡರು. ಸ್ವಲ್ಪ ಕಾಲದ ನಂತರ ಅದಕ್ಕಿಂತ ಅಗ್ಗವಾದ ಬ್ಲೀಚಿಂಗ್ ಪುಡಿಯ ದ್ರಾವಣವನ್ನು ಬಳಸತೊಡಗಿದರು. 1847ರ ಮೇ ಮಧ್ಯಭಾಗದಿಂದ ಹೆರಿಗೆ ವಾರ್ಡಿಗೆ ಕಾಲಿಡುವ ಪ್ರತಿಯೊಬ್ಬರೂ ಈ ದ್ರಾವಣದಲ್ಲಿ ಕೈ ತೊಳೆಯಬೇಕೆಂಬ ನಿಯಮ ಜಾರಿಗೆ ಬಂದಿತು.

ಆ ವರ್ಷ ಏಪ್ರಿಲ್‌ನಲ್ಲಿ ಮೊದಲನೆಯ ವಿಭಾಗದ 312 ಹೆರಿಗೆಗಳಿಗೆ 57 ಸಾವುಗಳಾಗಿದ್ದವು (ಶೇ 18.3). ಮೇ ತಿಂಗಳಲ್ಲಿ 294ಕ್ಕೆ 36 (ಶೇ 12.2). ನಿಯಮ ಜಾರಿಯಾದ ಮೇಲೆ ಜೂನ್‌ನಲ್ಲಿ 268ಕ್ಕೆ 6 (ಶೇ 2.2), ಜುಲೈನಲ್ಲಿ 250ಕ್ಕೆ 3 (ಶೇ 1.2), ಆಗಸ್ಟ್‌ನಲ್ಲಿ 264ಕ್ಕೆ 5 (ಶೇ 1.9). 1848ರ ಇಡೀ ವರ್ಷದಲ್ಲಿ 3,556 ಹೆರಿಗೆಗಳಿಗೆ 45 ಸಾವುಗಳು (ಶೇ 1.27) ಮಾತ್ರ ದಾಖಲಾದವು. ಅದೇ ವರ್ಷ ಎರಡನೆಯ ವಿಭಾಗದ ಪ್ರಮಾಣ ಶೇ 1.34. ಎರಡು ವಿಭಾಗಗಳ ನಡುವಣ ಅಂತರವೇ ಅಳಿಸಿಹೋಯಿತು. ಆ ವರ್ಷದ ಮಾರ್ಚ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಮೊದಲನೆಯ ವಿಭಾಗದಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ.

1847ರ ಅಕ್ಟೋಬರ್‌ನಲ್ಲಿ ಒಂದು ಹಿನ್ನಡೆಯಾಯಿತು. ಗರ್ಭಕೋಶದ ಕ್ಯಾನ್ಸರ್‌ನಿಂದ ಕೀವು ಸೋರುತ್ತಿದ್ದ ಹೆಂಗಸೊಬ್ಬಳನ್ನು ಸಾಲಿನ ಮೊದಲ ಹಾಸಿಗೆಯಲ್ಲಿ ಮಲಗಿಸಲಾಗಿತ್ತು. ಆಕೆಯನ್ನು ಪರೀಕ್ಷಿಸಿದ ಬಳಿಕ ಕೈಗಳನ್ನು ಸಾಬೂನಿನಿಂದಷ್ಟೇ ತೊಳೆದು ಉಳಿದವರನ್ನು ಪರೀಕ್ಷಿಸಲಾಯಿತು. ಜೊತೆಯಲ್ಲಿ ಹೆತ್ತ 12 ಮಂದಿಯಲ್ಲಿ 11 ಮಂದಿ ಸತ್ತರು. ಶವದಿಂದ ಮಾತ್ರವಲ್ಲ, ಜೀವಂತ ದೇಹದ ಕೊಳೆತ ಭಾಗದಿಂದಲೂ ಸೋಂಕು ತಗುಲಬಹುದೆಂದು ಇದರಿಂದ ತಿಳಿಯಿತು. ಒಬ್ಬರನ್ನು ಪರೀಕ್ಷಿಸಿ ಇನ್ನೊಬ್ಬರ ಬಳಿಗೆ ಹೋಗುವ ಮುನ್ನ ಪ್ರತಿಸಲವೂ ಕ್ಲೋರಿನ್‌ನಲ್ಲಿ ಕೈ ತೊಳೆಯಬೇಕೆಂದು ನಿಯಮವನ್ನು ಬಿಗಿಗೊಳಿಸಲಾಯಿತು.

ಬಳಿಕ ಅವರು ಆಸ್ಪತ್ರೆಯ ಹಳೆಯ ದಾಖಲೆಗಳನ್ನೂ ಒಟ್ಟುಗೂಡಿಸಿದರು. 1784ರಿಂದ 1822ರವರೆಗೆ 71,395 ಹೆರಿಗೆಗಳಿಗೆ 897 ಸಾವುಗಳು ಮಾತ್ರ (ಶೇ 1.25) ಆಗಿದ್ದವು. ಕಲಿಕೆಗಾಗಿ ಶವಗಳನ್ನು ಬಳಸುವ ಪದ್ಧತಿ ಬಲಗೊಂಡ 1823ರ ನಂತರದ ಹತ್ತು ವರ್ಷಗಳಲ್ಲಿ ಈ ಪ್ರಮಾಣ ಶೇ 5.3ಕ್ಕೆ ಏರಿತ್ತು. ಎರಡೂ ವಿಭಾಗಗಳಲ್ಲಿ ವಿದ್ಯಾರ್ಥಿಗಳೂ ಸೂಲಗಿತ್ತಿಯರೂ ಕಲಿಯುತ್ತಿದ್ದ 1830ರ ದಶಕದಲ್ಲಿ ಅವುಗಳ ನಡುವೆ ಇಂಥ ದೊಡ್ಡ ಅಂತರವಿರಲಿಲ್ಲ. ವೈದ್ಯವಿಜ್ಞಾನದ ಮುನ್ನಡೆಯೆಂದು ಭಾವಿಸಿದ್ದ ಶವಪರೀಕ್ಷೆಯೇ ತಾಯಂದಿರ ಸಾವಿಗೂ ದಾರಿಯಾಗಿತ್ತು. ಶ್ರದ್ಧೆಯಿಂದ ಶವಪರೀಕ್ಷೆ ನಡೆಸುತ್ತಿದ್ದ ಸೆಮೆಲ್‌ವೈಸ್ ಅವರು ತಮ್ಮ ಕೈಯಿಂದಲೂ ಅನೇಕರು ಅಕಾಲ ಮರಣಕ್ಕೆ ಈಡಾಗಿದ್ದಾರೆಂಬುದನ್ನು ಮುಂದೆ ತಮ್ಮ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಜರ್ಮನಿಯ ಕೀಲ್ ನಗರದ ಪ್ರಸೂತಿ ವೈದ್ಯ ಗುಸ್ತಾವ್ ಮಿಖಾಯೆಲಿಸ್ ಈ ಶೋಧವನ್ನು ಕೂಡಲೇ ಒಪ್ಪಿಕೊಂಡರು. ತಾವೇ ಹೆರಿಗೆ ಮಾಡಿಸಿದ ಬಂಧುವೊಬ್ಬಳ ಸಾವಿಗೆ ತಾವೇ ಕಾರಣರೆಂಬ ಕೊರಗಿನಲ್ಲಿ ಅವರು 1848ರಲ್ಲಿ ಆತ್ಮಹತ್ಯೆ ಮಾಡಿಕೊಂಡರು.

ವಿರೋಧ

ಸೆಮೆಲ್‌ವೈಸ್ ಅವರು ತಮ್ಮ ಫಲಿತಾಂಶಗಳನ್ನು ಹಲವು ವರ್ಷ ತಾವಾಗಿ ಪ್ರಕಟಿಸಲಿಲ್ಲ. 1847ರ ಕೊನೆಯಲ್ಲಿ ಮತ್ತು 1848ರಲ್ಲಿ ಹೆಬ್ರಾ ಲೇಖನಗಳನ್ನು ಬರೆದರು. 1849ರಲ್ಲಿ ಸ್ಕೋಡಾ ವಿಯೆನ್ನಾದ ವಿಜ್ಞಾನ ಅಕಾಡೆಮಿಯಲ್ಲಿ ವಿಷಯ ಮಂಡಿಸಿದರು. ಇವುಗಳನ್ನು ಓದಿದ ಹಲವರು ಶವದ ಕಣ ಮಾತ್ರವೇ ಕಾರಣವೆಂದು ಹೇಳಲಾಗಿದೆ ಎಂದು ತಪ್ಪಾಗಿ ತಿಳಿದರು. ಶವಪರೀಕ್ಷೆಯೇ ನಡೆಯದ ಆಸ್ಪತ್ರೆಗಳಲ್ಲಿಯೂ ಜ್ವರವಿದೆಯೆಂದು ಆಕ್ಷೇಪಿಸಿದರು. ಸಾವಿನ ಏರಿಳಿತ ಋತುಮಾನಕ್ಕೆ ತಕ್ಕಂತೆ ತಾನಾಗಿ ಆಗುವುದೆಂದು ಇನ್ನು ಕೆಲವರು ವಾದಿಸಿದರು. ಕಣ್ಣಿಗೆ ಕಾಣದ ಅಲ್ಪ ಪ್ರಮಾಣದ ವಸ್ತು ಅಷ್ಟು ದೊಡ್ಡ ಕಾಯಿಲೆ ತರುವುದು ಹೇಗೆಂಬ ಪ್ರಶ್ನೆಗೆ ಅಂದು ಯಾರಲ್ಲಿಯೂ ಉತ್ತರವಿರಲಿಲ್ಲ. ತಮ್ಮ ಕೈಗಳೇ ಸಾವನ್ನು ಹೊತ್ತು ತರುತ್ತಿವೆ ಎಂಬುದನ್ನು ಒಪ್ಪುವುದು ವೈದ್ಯರಿಗೆ ಸುಲಭವೂ ಆಗಿರಲಿಲ್ಲ.

1848ರ ಕ್ರಾಂತಿಯ ನಂತರ ವಿಯೆನ್ನಾದಲ್ಲಿ ಹಂಗೇರಿಯವರನ್ನು ಅನುಮಾನದಿಂದ ಕಾಣುವ ವಾತಾವರಣವಿತ್ತು. 1849ರ ಮಾರ್ಚ್‌ನಲ್ಲಿ ಅವರ ಸಹಾಯಕ ಹುದ್ದೆಯ ಅವಧಿ ಮುಗಿದಾಗ ಕ್ಲೈನ್ ಅದನ್ನು ಮುಂದುವರಿಸಲಿಲ್ಲ. 1850ರಲ್ಲಿ ಬೋಧನೆಗೆ ಅನುಮತಿ ದೊರೆಯಿತಾದರೂ ಬೊಂಬೆಯ ಮೇಲೆ ಮಾತ್ರ ಪಾಠ ಮಾಡಬೇಕೆಂಬ ಷರತ್ತಿತ್ತು. ಕೆಲವೇ ದಿನಗಳಲ್ಲಿ ಅವರು ಹತ್ತಿರದ ಮಿತ್ರರಿಗೂ ಹೇಳದೆ ವಿಯೆನ್ನಾ ಬಿಟ್ಟು ಪೆಸ್ಟ್‌ಗೆ ಹೊರಟುಹೋದರು. ಅವರ ಬೆಂಬಲಿಗರಿಗೆ ಇದರಿಂದ ಬೇಸರವಾಯಿತು.

ಪೆಸ್ಟ್ ನಗರದಲ್ಲಿ

1851ರಲ್ಲಿ ಅವರು ಪೆಸ್ಟ್‌ನ ಸಂತ ರೋಕಸ್ ಆಸ್ಪತ್ರೆಯ ಹೆರಿಗೆ ವಿಭಾಗದ ಮುಖ್ಯಸ್ಥರಾದರು. ಅದು ಸಂಬಳವಿಲ್ಲದ ಹುದ್ದೆ. ಅಲ್ಲಿ ಆರು ವರ್ಷಗಳ ಅವಧಿಯಲ್ಲಿ ನಡೆದ 933 ಹೆರಿಗೆಗಳಲ್ಲಿ ಬಾಣಂತಿ ಜ್ವರದಿಂದ ಸತ್ತವರು 8 ಮಂದಿ (ಶೇ 0.85). ಬೇರೊಂದು ಊರಿನ ಬೇರೊಂದು ಆಸ್ಪತ್ರೆಯಲ್ಲಿಯೂ ಅದೇ ಕ್ರಮ ಅದೇ ಫಲ ನೀಡಿತು. 1855ರಲ್ಲಿ ಅವರು ಪೆಸ್ಟ್ ವಿಶ್ವವಿದ್ಯಾಲಯದ ಪ್ರಸೂತಿಶಾಸ್ತ್ರದ ಪ್ರೊಫೆಸರರಾದರು. 1857ರಲ್ಲಿ ಮರಿಯಾ ವೈಡೆನ್‌ಹೋಫರ್ ಅವರನ್ನು ವಿವಾಹವಾದರು. ಐವರು ಮಕ್ಕಳಲ್ಲಿ ಇಬ್ಬರು ಶೈಶವದಲ್ಲೇ ತೀರಿಕೊಂಡರು.

1858ರಲ್ಲಿ ಹಂಗೇರಿಯನ್ ಭಾಷೆಯಲ್ಲಿ ಲೇಖನಗಳನ್ನು ಬರೆದ ಅವರು 1861ರಲ್ಲಿ ಬಾಣಂತಿ ಜ್ವರದ ಕಾರಣ, ಸ್ವರೂಪ ಮತ್ತು ತಡೆಯನ್ನು ಕುರಿತ ಬೃಹತ್ ಗ್ರಂಥವನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಶೋಧ ನಡೆದು ಆಗಲೇ ಹದಿನಾಲ್ಕು ವರ್ಷಗಳು ಕಳೆದಿದ್ದವು. ಕೋಷ್ಟಕಗಳಿಂದ ತುಂಬಿದ ಆ ಗ್ರಂಥದಲ್ಲಿ ವಿರೋಧಿಗಳ ಮೇಲಿನ ದೀರ್ಘ ವಾಗ್ದಾಳಿಯೂ ಸೇರಿತ್ತು. ಪ್ರತಿಕ್ರಿಯೆ ತಣ್ಣಗಿದ್ದುದನ್ನು ಕಂಡು ಅವರು ಯುರೋಪಿನ ಹೆಸರಾಂತ ಪ್ರಸೂತಿ ವೈದ್ಯರಿಗೆ ಬಹಿರಂಗ ಪತ್ರಗಳನ್ನು ಬರೆದು ಅವರನ್ನು ಕೊಲೆಗಾರರೆಂದು ಜರಿದರು. ಇದರಿಂದ ವಿರೋಧ ಇನ್ನಷ್ಟು ಗಟ್ಟಿಯಾಯಿತು.

ನಿಧನ

1860ರ ದಶಕದಲ್ಲಿ ಅವರ ಮನಸ್ಸಿನ ಸ್ವಾಸ್ಥ್ಯ ಕೆಟ್ಟಿತು. 1865ರ ಜುಲೈ ಅಂತ್ಯದಲ್ಲಿ ಅವರನ್ನು ವಿಯೆನ್ನಾಕ್ಕೆ ಕರೆತಂದು, ಹೆಬ್ರಾ ಅವರ ಮೂಲಕ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಲಾಯಿತು. ಎರಡು ವಾರಗಳಲ್ಲಿ, ಆಗಸ್ಟ್ 13ರಂದು, ಅವರು ಅಲ್ಲಿಯೇ ನಿಧನರಾದರು. ಆಗ ಅವರ ವಯಸ್ಸು 47. ಕೈಯ ಗಾಯ ಕೊಳೆತು ರಕ್ತಕ್ಕೆ ನಂಜೇರಿದುದೇ ಸಾವಿಗೆ ಕಾರಣ. ಕಾವಲುಗಾರರ ಹೊಡೆತದಿಂದ ಗಾಯಗಳಾಗಿದ್ದವೆಂದು ಅನೇಕ ಇತಿಹಾಸಕಾರರು ಅಭಿಪ್ರಾಯಪಟ್ಟಿದ್ದಾರೆ.

ಸಂಖ್ಯಾಶಾಸ್ತ್ರೀಯ ಮಹತ್ವ

ಬಾಣಂತಿ ಜ್ವರ ಅಂಟುವಂಥದ್ದೆಂದು ಸೆಮೆಲ್‌ವೈಸ್ ಅವರಿಗಿಂತ ಮೊದಲೂ ಕೆಲವರು ಹೇಳಿದ್ದರು. ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಅಲೆಕ್ಸಾಂಡರ್ ಗಾರ್ಡನ್ 1795ರಲ್ಲಿಯೂ ಅಮೆರಿಕದ ಆಲಿವರ್ ವೆಂಡೆಲ್ ಹೋಮ್ಸ್ 1843ರಲ್ಲಿಯೂ ವೈದ್ಯರು ಮತ್ತು ಸೂಲಗಿತ್ತಿಯರು ಅದನ್ನು ಒಬ್ಬರಿಂದ ಒಬ್ಬರಿಗೆ ಸಾಗಿಸುತ್ತಾರೆಂದು ಬರೆದಿದ್ದರು. ಸೆಮೆಲ್‌ವೈಸ್ ಅವರ ವೈಶಿಷ್ಟ್ಯ ಇರುವುದು ಹೋಲಿಕೆಯ ಕ್ರಮದಲ್ಲಿ.

ಮೊದಲನೆಯದಾಗಿ, ಅವರು ಸಾವುಗಳನ್ನಷ್ಟೇ ಎಣಿಸದೆ ಹೆರಿಗೆಗಳ ಸಂಖ್ಯೆಯಿಂದ ಭಾಗಿಸಿ ಪ್ರಮಾಣವನ್ನು ತೆಗೆದರು. ಎರಡನೆಯದಾಗಿ, ಒಂದು ಗುಂಪನ್ನು ಅದಕ್ಕೆ ಸಮನಾದ ಇನ್ನೊಂದು ಗುಂಪಿನೊಂದಿಗೆ ಹೋಲಿಸಿದರು. ದಿನ ಬಿಟ್ಟು ದಿನ ಸೇರಿಸಿಕೊಳ್ಳುವ ರೂಢಿಯಿಂದಾಗಿ ಈ ಹೋಲಿಕೆ ಇಂದಿನ ನಿಯಂತ್ರಿತ ಪ್ರಯೋಗಕ್ಕೆ ಬಹಳ ಸಮೀಪವಾಗಿತ್ತು. ಮೂರನೆಯದಾಗಿ, ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸಿ ಅದರ ಹಿಂದಿನ ಮತ್ತು ಮುಂದಿನ ಪ್ರಮಾಣಗಳನ್ನು ನೋಡಿದರು. ನಾಲ್ಕನೆಯದಾಗಿ, ತಮ್ಮ ಊಹೆಯನ್ನು ಹಳೆಯ ದಾಖಲೆಗಳ ಮೇಲೂ ಬೇರೊಂದು ಆಸ್ಪತ್ರೆಯ ಮೇಲೂ ಒರೆಗೆ ಹಚ್ಚಿದರು. ಕಂಡ ವ್ಯತ್ಯಾಸ ಆಕಸ್ಮಿಕವಾಗಿರುವ ಸಾಧ್ಯತೆ ಎಷ್ಟೆಂದು ಲೆಕ್ಕ ಹಾಕುವ ವಿಧಾನ ಅಂದು ವೈದ್ಯರ ಬಳಕೆಯಲ್ಲಿರಲಿಲ್ಲ; ಇಂದು ಸಾಮಾನ್ಯವಾಗಿರುವ ಕೈ-ವರ್ಗ ಪರೀಕ್ಷೆಯನ್ನು ಕಾರ್ಲ್ ಪಿಯರ್ಸನ್ ರೂಪಿಸಿದ್ದು 1900ರಲ್ಲಿ.

ತಾಯಂದಿರ ಸಾವನ್ನು ಇಂದು ಒಂದು ಲಕ್ಷ ಜೀವಂತ ಜನನಗಳಿಗೆ ಇಷ್ಟು ಎಂದು ಅಳೆಯಲಾಗುತ್ತದೆ. ಗರ್ಭಾವಸ್ಥೆಯಲ್ಲಿ ಅಥವಾ ಅದು ಕೊನೆಗೊಂಡ 42 ದಿನಗಳೊಳಗೆ, ಗರ್ಭಕ್ಕೆ ಸಂಬಂಧಿಸಿದ ಕಾರಣಗಳಿಂದ ಆಗುವ ಸಾವುಗಳು ಈ ಲೆಕ್ಕಕ್ಕೆ ಸೇರುತ್ತವೆ. ಭಾರತದ ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ 2018–20ರಲ್ಲಿ ಕರ್ನಾಟಕದ ಪ್ರಮಾಣ 69. ವಿಯೆನ್ನಾದ ಮೊದಲನೆಯ ವಿಭಾಗದ 1846ರ ಸಾವುಗಳನ್ನು ಲಕ್ಷ ಹೆರಿಗೆಗಳಿಗೆ ಪರಿವರ್ತಿಸಿದರೆ 11,000 ದಾಟುತ್ತದೆ. ವ್ಯಾಖ್ಯೆಗಳು ಪೂರ್ಣವಾಗಿ ಒಂದೇ ಅಲ್ಲದಿದ್ದರೂ ಅಂತರದ ಅಗಾಧತೆ ಇದರಿಂದ ತಿಳಿಯುತ್ತದೆ.

ಹೆರಿಗೆ ದಾಖಲೆಗಳು ದಶಕಗಳ ನಂತರವೂ ಸಂಶೋಧನೆಗೆ ಒದಗಬಲ್ಲವು ಎಂಬುದಕ್ಕೆ ಕರ್ನಾಟಕದಲ್ಲಿಯೂ ನಿದರ್ಶನವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ಬರೆದಿಡಲಾಗಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಸಂಶೋಧಕರು ಪತ್ತೆಹಚ್ಚಿ ಪರೀಕ್ಷಿಸಿ, 1996ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. 45 ವರ್ಷ ದಾಟಿದವರ ಪೈಕಿ ಹುಟ್ಟುವಾಗ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಶೇ 11ರಷ್ಟಿದ್ದರೆ, 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಕವಿದ್ದವರಲ್ಲಿ ಶೇ 3ರಷ್ಟಿತ್ತು.

ಮನ್ನಣೆ

ಸೆಮೆಲ್‌ವೈಸ್ ಅವರು ನಿಧನರಾದ ಎರಡು ವರ್ಷಗಳಲ್ಲಿ ಜೋಸೆಫ್ ಲಿಸ್ಟರ್ ಶಸ್ತ್ರಚಿಕಿತ್ಸೆಯಲ್ಲಿ ನಂಜುನಿರೋಧಕಗಳ ಬಳಕೆಯನ್ನು ಪ್ರಕಟಿಸಿದರು. 1879ರಲ್ಲಿ ಲೂಯಿ ಪಾಶ್ಚರ್ ಬಾಣಂತಿ ಜ್ವರದ ರೋಗಿಗಳಲ್ಲಿ ಸರಪಳಿಯಂಥ ರೋಗಾಣುಗಳನ್ನು ತೋರಿಸಿದರು. ಅಲ್ಲಿಂದ ಮುಂದೆ ಸೆಮೆಲ್‌ವೈಸ್ ಅವರ ಅಂಕಿಗಳಿಗೆ ವಿವರಣೆ ದೊರೆಯಿತು. 1891ರಲ್ಲಿ ಅವರ ಅವಶೇಷಗಳನ್ನು ವಿಯೆನ್ನಾದಿಂದ ಬುಡಾಪೆಸ್ಟ್‌ಗೆ ತರಲಾಯಿತು. ಅವರು ಹುಟ್ಟಿದ ಮನೆ ಈಗ ವೈದ್ಯಕೀಯ ಇತಿಹಾಸದ ವಸ್ತುಸಂಗ್ರಹಾಲಯವಾಗಿದ್ದು, ಅವಶೇಷಗಳನ್ನು ಅಲ್ಲಿಯೇ ಇರಿಸಲಾಗಿದೆ. 1969ರಲ್ಲಿ ಬುಡಾಪೆಸ್ಟ್‌ನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡಲಾಯಿತು. ಅವರ ಶೋಧಕ್ಕೆ ಸಂಬಂಧಿಸಿದ ದಾಖಲೆಗಳು 2013ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿದವು. ರೂಢಿಗೆ ವಿರುದ್ಧವಾದ ಹೊಸ ಸಾಕ್ಷ್ಯವನ್ನು ಪರಿಶೀಲಿಸದೆಯೇ ತಳ್ಳಿಹಾಕುವ ಪ್ರವೃತ್ತಿಯನ್ನು ಅವರ ಹೆಸರಿನಿಂದಲೇ ಸೆಮೆಲ್‌ವೈಸ್ ಪ್ರತಿವರ್ತನ ಎಂದು ಕರೆಯಲಾಗುತ್ತದೆ.